ಹಿಂದಿನ ಕಾರು ಲೈಟ್ ಹೊಡೆದಾಗ

ನಾನು 31 ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು. ಅದರಲ್ಲಿ ಆರು ವರ್ಷ ಕ್ರೈಂ ಟೀಮ್. ಆ ಆರು ವರ್ಷ ಮೈಮೇಲೆ ಖಾಕಿ ಇದ್ದದ್ದಕ್ಕಿಂತ ಮಫ್ತಿಯಲ್ಲಿ ತಿರುಗಿದ್ದೇ ಜಾಸ್ತಿ. ಹೋದ ಸಲ ಈ ಅಂಕಣದಲ್ಲಿ ನಕಲಿ ಪೊಲೀಸರ ಬಗ್ಗೆ ಎರಡು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೇ ಅರ್ಧಕ್ಕಿಂತ ಜಾಸ್ತಿ ಜಾಗ ಹೋಗಿದೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಸರ್, ನನಗೆ ಬೆಂಗಳೂರಿನಲ್ಲಿ ಕೆಲಸ, ಮನೆ ಮೈಸೂರಿನಲ್ಲಿ. ಶುಕ್ರವಾರ ರಾತ್ರಿ ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ. ಹೋದ ತಿಂಗಳು ಹತ್ತೂಮುಕ್ಕಾಲರ ಹೊತ್ತಿಗೆ ಮಂಡ್ಯ ಬೈಪಾಸ್ ದಾಟಿದ್ದೆ. ಬೂದು ಬಣ್ಣದ ಎರ್ಟಿಗಾ ಒಂದು ಹಿಂದಿನಿಂದ ಡಿಪ್ಪರ್ ಹೊಡೆಯುತ್ತಾ ಬಂತು. ದಾರಿ ಬಿಟ್ಟೆ. ಮುಂದೆ ಹೋಗಲಿಲ್ಲ. ಅದರೊಳಗೆ ಕೆಂಪು, ನೀಲಿ ಲೈಟ್ ಮಿನುಗುತ್ತಿತ್ತು. ಆಮೇಲೆ ಪಕ್ಕಕ್ಕೇ ಬಂತು. ಟೀ ಶರ್ಟ್ ಹಾಕಿದ್ದ ಒಬ್ಬರು ಕಿಟಕಿಯಿಂದ ಕೈ ಚಾಚಿ ನಿಲ್ಲಿಸು ಎಂದು ಸನ್ನೆ ಮಾಡಿದರು. ಹಿಂದಿನ ಸೀಟಿನಲ್ಲಿ ಆರು ವರ್ಷದ ಮಗಳು ಮಲಗಿದ್ದಳು. ನನ್ನ ಕೈಕಾಲು ತಣ್ಣಗಾಯಿತು. ಆಕ್ಸಿಲರೇಟರ್ ಒತ್ತಿದವಳು ಗಣಂಗೂರು ಟೋಲ್‌ವರೆಗೆ ನಿಲ್ಲಿಸಲಿಲ್ಲ. ಅವರೂ ಅಲ್ಲಿಗೇ ಬಂದರು. ನೋಡಿದರೆ ನಿಜವಾದ ಪೊಲೀಸರೇ! ನನ್ನದೇ ಕಂಪನಿಯ, ನನ್ನದೇ ಬಣ್ಣದ ಇನ್ನೊಂದು ಕಾರನ್ನು ಹುಡುಕುತ್ತಿದ್ದರಂತೆ. ‘ನಿಲ್ಸೋಕೆ ಏನಮ್ಮಾ ಕಷ್ಟ?’ ಎಂದು ಎಲ್ಲರೆದುರು ಕೂಗಾಡಿದರು. ನಮ್ಮ ಯಜಮಾನರು ‘ನಿಲ್ಲಿಸಬೇಕಿತ್ತು’ ಅನ್ನುತ್ತಾರೆ. ನಮ್ಮತ್ತೆ ‘ಸರಿಯಾಗೇ ಮಾಡಿದೆ ಬಿಡು’ ಅನ್ನುತ್ತಾರೆ. ಇದರ ಮೇಲೆ 128 ಕಿಲೋಮೀಟರ್ ವೇಗಕ್ಕೆ ದಂಡದ ನೋಟಿಸ್ ಬೇರೆ ಬಂದಿದೆ. ಯಾರು ಸರಿ ಸರ್?
— ಮೈಸೂರಿನ ಓದುಗಿ

ಉತ್ತರ: ಅಮ್ಮಾ, ನಿಮ್ಮತ್ತೆಗೆ ಮುಕ್ಕಾಲು ಮಾರ್ಕು. ಉಳಿದ ಕಾಲು ಮಾರ್ಕು ನೋಟಿಸ್ ಕಳಿಸಿದ ಕ್ಯಾಮೆರಾಕ್ಕೆ. ನಿಮ್ಮ ಯಜಮಾನರಿಗೆ ಏನೂ ಇಲ್ಲ. ಆ ರಾತ್ರಿ ಆ ಸೀಟಿನಲ್ಲಿ ಅವರು ಕೂತಿರಲಿಲ್ಲ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 1988ರ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ನಿಮ್ಮ ಡಿಎಲ್ ಕೇಳುವ ಅಧಿಕಾರ ಕೊಟ್ಟಿರುವುದು ಸಮವಸ್ತ್ರದಲ್ಲಿರುವ ಪೊಲೀಸರಿಗೆ. ಕುಡಿದಿದ್ದೀರಾ ಎಂದು ಊದಿಸಿ ನೋಡುವುದು 203ನೇ ಸೆಕ್ಷನ್. ಅಲ್ಲಿಯೂ ಪೊಲೀಸರಾದರೆ ಸಮವಸ್ತ್ರ ಬೇಕು. ಟೀ ಶರ್ಟ್ ಹಾಕಿಕೊಂಡು ‘ಡಿಎಲ್ ತೋರಿಸು’ ಅನ್ನುವ ಹಾಗಿಲ್ಲ. ಆದರೆ ಇಷ್ಟು ಓದಿಕೊಂಡು ‘ಯೂನಿಫಾರ್ಮ್ ಇಲ್ಲದವರು ಯಾರೂ ನನ್ನ ಗಾಡಿ ತಡೆಯುವಂತಿಲ್ಲ’ ಎಂದು ವಾದಕ್ಕೆ ಇಳಿಯಬೇಡಿ. ಕಳ್ಳತನ, ಅಪಹರಣ, ಗಾಂಜಾ ಇಂಥ ಕೇಸುಗಳಲ್ಲಿ ಮಫ್ತಿಯವರೂ ತಡೆಯಬಹುದು, ಹಿಡಿಯಲೂಬಹುದು. ಕಳ್ಳನನ್ನು ಹಿಡಿಯಲು ಖಾಕಿ ಹಾಕಿಕೊಂಡು, ಸೈರನ್ ಕೂಗಿಸುತ್ತಾ ಹೋದರೆ ಅವನು ಕಾದು ಕೂತಿರುತ್ತಾನಾ?

ಹಾಗಾಗಿ ಹಕ್ಕಿನ ವಿಚಾರ ಆಮೇಲೆ. ಇವರು ಪೊಲೀಸರು ಹೌದೋ ಅಲ್ಲವೋ, ಅದು ಮೊದಲು ತಿಳಿಯಬೇಕು. ಕತ್ತಲಲ್ಲಿ, ನೂರರ ವೇಗದಲ್ಲಿ ಅದು ತಿಳಿಯುವುದಿಲ್ಲ. ಲೈಟ್ ನೋಡಿ ನಂಬುವಂತಿಲ್ಲ. ಮಿನುಗುವ ಲೈಟನ್ನು ಯಾರು ಬೇಕಾದರೂ ಅಂಗಡಿಯಲ್ಲಿ ಕೊಂಡು ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಳ್ಳಬಹುದು. ನಂಬರ್ ಪ್ಲೇಟೂ ಪೂರ್ತಿ ಹೇಳುವುದಿಲ್ಲ. ನಮ್ಮ ರಾಜ್ಯದಲ್ಲಿ ಸರ್ಕಾರಿ ಗಾಡಿಗಳಿಗೆ ‘ಜಿ’ ಅಕ್ಷರದ ನಂಬರ್ ಇರುತ್ತದೆ, ಕೆಎ 09 ಜಿ ಅನ್ನುವ ಹಾಗೆ. ಆದರೆ ಕ್ರೈಂ ಟೀಮಿನವರು ಎಷ್ಟೋ ಸಲ ಬಾಡಿಗೆ ಗಾಡಿಯಲ್ಲೋ, ಯಾರದೋ ಸ್ವಂತ ಗಾಡಿಯಲ್ಲೋ ಹೋಗುತ್ತಾರೆ. ನಾನೇ ಹೋಗಿದ್ದೇನೆ.

ನನಗೆ ಈ ಪಾಠ ಕಲಿಸಿದವನು ಒಬ್ಬ ಲಾರಿ ಡ್ರೈವರ್. 1998ರ ಮಾತು. ಶಿರಾ ದಾಟಿ ಹಿರಿಯೂರಿನ ಕಡೆಗೆ ಕದ್ದ ಲಾರಿಯೊಂದು ಬರುತ್ತದೆ ಎಂದು ಸುಳಿವು ಸಿಕ್ಕಿತ್ತು. ಆಗ ಆ ಹೈವೇ ಎನ್‌ಎಚ್ 4, ಈಗ 48. ನಾವು ನಾಲ್ಕು ಜನ, ಬಾಡಿಗೆಯ ಟಾಟಾ ಸುಮೋ. ನಾನು ಲುಂಗಿ ಉಟ್ಟು ತಲೆಗೆ ಟವೆಲ್ ಸುತ್ತಿದ್ದೆ. ರಾತ್ರಿ ಒಂದೂವರೆಗೆ ಲಾರಿ ಕಾಣಿಸಿತು. ಟಾರ್ಚ್ ಬೀಸಿದೆವು. ಅವನು ನಿಲ್ಲಿಸಲಿಲ್ಲ. ಹಾಗಂತ ಓಡಲೂ ಇಲ್ಲ. ಮೂವತ್ತರ ವೇಗದಲ್ಲಿ, ಎಡಗಡೆ ಇಂಡಿಕೇಟರ್ ಹಾಕಿಕೊಂಡು, ಕಿಟಕಿಯಿಂದ ಕೈ ಹೊರಗಿಟ್ಟು ‘ಬನ್ನಿ, ಬನ್ನಿ’ ಅನ್ನುತ್ತಾ ಹೊರಟ. ಮದುವೆ ದಿಬ್ಬಣದ ಹಾಗೆ ನಾವು ಹಿಂದೆ.

ಆರು ಕಿಲೋಮೀಟರ್ ಹೋಗಿ ಒಂದು ಡಾಬಾದ ಎದುರು ನಿಲ್ಲಿಸಿದ. ಅಲ್ಲಿ ಇಪ್ಪತ್ತು ಲಾರಿ ನಿಂತಿದ್ದವು. ಎರಡು ಸಲ ಹಾರ್ನ್ ಹೊಡೆದದ್ದೇ ತಡ, ಹಗ್ಗದ ಮಂಚದ ಮೇಲೆ ಮಲಗಿದ್ದವರೆಲ್ಲ ಎದ್ದು ಬಂದರು. ಕೈಯಲ್ಲಿ ಜಾಕ್ ರಾಡು, ವೀಲ್ ಸ್ಪ್ಯಾನರ್. ನನ್ನ ಐಡಿ ಕಾರ್ಡು ಸುಮೋದಲ್ಲಿ ಬಿಚ್ಚಿಟ್ಟ ಪ್ಯಾಂಟಿನ ಜೇಬಿನಲ್ಲಿತ್ತು. ಲುಂಗಿ ಉಟ್ಟವನು ‘ನಾನು ಪೊಲೀಸ್’ ಅಂದರೆ ಯಾರು ನಂಬುತ್ತಾರೆ? ಒಬ್ಬ ಕ್ಲೀನರ್ ಹುಡುಗ ನನ್ನ ಟವೆಲ್ಲಿನ ತುದಿ ಬಿಗಿಯಾಗಿ ಹಿಡಿದುಕೊಂಡಿದ್ದ. ಕೊನೆಗೆ ಡಾಬಾ ಯಜಮಾನ ಲ್ಯಾಂಡ್‌ಲೈನಿನಿಂದ ಠಾಣೆಗೆ ಫೋನ್ ಮಾಡಿದ. ಅಲ್ಲಿದ್ದ ರೈಟರ್ ನನ್ನ ದನಿ ಗುರುತು ಹಿಡಿದ ಮೇಲೆ ಟವೆಲ್ ವಾಪಸ್ ಸಿಕ್ಕಿತು. ಲಾರಿ ಕದ್ದದ್ದಲ್ಲ, ಹುಬ್ಬಳ್ಳಿಗೆ ಸಿಮೆಂಟ್ ಒಯ್ಯುತ್ತಿತ್ತು. ಡ್ರೈವರ್ ನಮಗೆಲ್ಲ ಟೀ ಕೊಡಿಸಿದ. ದುಡ್ಡು ನಾನು ಕೊಡುತ್ತೇನೆ ಅಂದರೂ ಬಿಡಲಿಲ್ಲ.

ಅವನನ್ನೂ ನಿಮ್ಮನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕತ್ತಲಲ್ಲಿ ನಿಲ್ಲಿಸಲಿಲ್ಲ, ಜನ ಇದ್ದ ಕಡೆಗೆ ಹೋದ. ನೀವೂ ಅದನ್ನೇ ಮಾಡಿದಿರಿ. ಆದರೆ ಅವನು ವೇಗ ಇಳಿಸಿದ, ನೀವು ಏರಿಸಿದಿರಿ. ಹಿಂದಿನ ಗಾಡಿಯಲ್ಲಿ ಕೂತ ಪೊಲೀಸನಿಗೆ ಇದೊಂದೇ ಕಾಣುವುದು. ಮುಂದಿನ ಕಾರು 90ರಿಂದ 130ಕ್ಕೆ ಹೋಯಿತು ಅಂದರೆ ‘ಇವನೇ, ಬಿಡಬೇಡ’ ಅನ್ನುತ್ತಾನೆ. ಅದೇ ಕಾರು ಐವತ್ತಕ್ಕೆ ಇಳಿದು, ಎಡಕ್ಕೆ ಸರಿದು, ನಾಲ್ಕೂ ಇಂಡಿಕೇಟರ್ ಹಾಕಿತು ಅನ್ನಿ. ಇವರು ಓಡುತ್ತಿಲ್ಲ, ಹೆದರಿದ್ದಾರೆ ಎಂದು ಅರ್ಥವಾಗುತ್ತದೆ. ಕಳ್ಳನಾದರೆ ಅವನಿಗೂ ಒಂದು ಅರ್ಥವಾಗುತ್ತದೆ, ಈ ಹೆಂಗಸು ಹೆದರಿ ಬುದ್ಧಿ ಕಳೆದುಕೊಳ್ಳುವವಳಲ್ಲ ಎಂದು.

ಲಾರಿ ಡ್ರೈವರಿಗೆ ಡಾಬಾದ ಲ್ಯಾಂಡ್‌ಲೈನ್ ಬೇಕಾಯಿತು. ನಿಮಗೆ 112 ಇದೆ. ಫೋನನ್ನು ಸ್ಪೀಕರ್‌ಗೆ ಹಾಕಿ. ಮೊದಲು ಜಾಗ ಹೇಳಿ: ‘ಬೆಂಗಳೂರು–ಮೈಸೂರು ಹೈವೇ, ಮಂಡ್ಯ ದಾಟಿದ್ದೇನೆ, ಮೈಸೂರಿನ ಕಡೆ ಹೋಗುತ್ತಿದ್ದೇನೆ’. ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲಿನ ನಂಬರ್ ಕಂಡರೆ ಅದನ್ನೂ ಹೇಳಿ. ಆಮೇಲೆ ಹಿಂದಿನ ಗಾಡಿಯ ಬಣ್ಣ, ನಂಬರ್. ‘ಪೊಲೀಸ್ ಅನ್ನುತ್ತಿದ್ದಾರೆ, ನಾನು ಟೋಲ್‌ನಲ್ಲಿ ನಿಲ್ಲಿಸುತ್ತೇನೆ, ಕಾರಿನಲ್ಲಿ ಮಗು ಇದೆ’. ಇಷ್ಟು ಸಾಕು. ನಿಜವಾದ ಪೊಲೀಸರೇ ಆಗಿದ್ದರೆ ಕಂಟ್ರೋಲ್ ರೂಮಿನವರು ವೈರ್‌ಲೆಸ್‌ನಲ್ಲಿ ವಿಚಾರಿಸಬಹುದು. ಅಲ್ಲದಿದ್ದರೆ ಹೈವೇ ಗಸ್ತಿನ ಗಾಡಿಯನ್ನು ನಿಮ್ಮ ಕಡೆ ಕಳಿಸಬಹುದು. ಎರಡರಲ್ಲಿ ಯಾವುದಾದರೂ, ನೀವು ಓಡಿಹೋಗುತ್ತಿರಲಿಲ್ಲ ಅನ್ನುವುದಕ್ಕೆ ಆ ಕರೆಯೇ ಸಾಕ್ಷಿ.

ಆ ರಸ್ತೆಯಲ್ಲಿ ಥಟ್ ಅಂತ ನಿಲ್ಲಿಸದಿದ್ದದ್ದು ಇನ್ನೊಂದು ಕಾರಣಕ್ಕೂ ಸರಿ. ಎರಡೂ ಕಡೆ ಬೇಲಿ. ಪಕ್ಕದಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಕೂಡ ಆ ಮುಖ್ಯ ರಸ್ತೆಗೆ ಬರುವಂತಿಲ್ಲ. ಹಾಲಿನವನೋ ಹೂವಿನವಳೋ ಕಣ್ಣಿಗೆ ಬೀಳುವ ರಸ್ತೆ ಅದಲ್ಲ. ಕೂಗಿದರೆ ಕೇಳಿಸಿಕೊಳ್ಳುವವರು ಯಾರು?

ಟೋಲಿಗೆ ಬಂದ ಮೇಲೂ ಬಾಗಿಲು ಲಾಕ್ ಇರಲಿ. ಗಾಜು ಎರಡು ಬೆರಳಷ್ಟು ಇಳಿಸಿ. ಕೆಂಪು ಪರ್ಸ್ ತೆರೆದು ಪಟ್ ಅಂತ ಮುಚ್ಚಿದರೆ ಅದು ಐಡಿ ಕಾರ್ಡ್ ತೋರಿಸಿದ ಲೆಕ್ಕ ಅಲ್ಲ. ಗಾಜಿಗೆ ಹಿಡಿಯಲು ಹೇಳಿ. ಫೋಟೊ ನೋಡಿ, ಹೆಸರು, ಹುದ್ದೆ, ಠಾಣೆಯನ್ನು ಗಟ್ಟಿಯಾಗಿ ಓದಿ. 112ರ ಕರೆ ಇನ್ನೂ ಚಾಲೂ ಇದ್ದರೆ ಅವರಿಗೂ ಕೇಳಿಸುತ್ತದೆ. ‘ನಮ್ಮ ಗಾಡಿಗೆ ಬನ್ನಿ, ಠಾಣೆಗೆ ಹೋಗೋಣ’ ಅಂದರೆ ಒಪ್ಪಬೇಡಿ. ‘ನನ್ನ ಕಾರಿನಲ್ಲೇ ನಿಮ್ಮ ಹಿಂದೆ ಬರುತ್ತೇನೆ’ ಅನ್ನಿ. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸಬೇಕಾದರೆ ಮಹಿಳಾ ಪೊಲೀಸರೂ ಬೇಕು, ಮ್ಯಾಜಿಸ್ಟ್ರೇಟರ ಅನುಮತಿಯೂ ಬೇಕು. ಹೆಂಗಸರನ್ನು ಮುಟ್ಟಿ ತಪಾಸಣೆ ಮಾಡುವುದಾದರೆ ಅದು ಮಹಿಳಾ ಪೊಲೀಸರ ಕೆಲಸ. ಇದು ನಮ್ಮವರಿಗೆಲ್ಲ ಗೊತ್ತು. ನಿಮಗೂ ಗೊತ್ತಿದೆ ಎಂದು ಅವರಿಗೆ ಗೊತ್ತಾದರೆ ಒಳ್ಳೆಯದು.

ಇದೆಲ್ಲ ಕತ್ತಲಿಗೆ, ಒಂಟಿ ರಸ್ತೆಗೆ, ಗುರುತಿಲ್ಲದ ಗಾಡಿಗೆ ಹೇಳಿದ್ದು. ಬ್ಯಾರಿಕೇಡ್ ಇಟ್ಟು, ಖಾಕಿಯಲ್ಲಿ ನಾಲ್ಕು ಜನ ನಿಂತಿದ್ದರೆ, ಪಕ್ಕದಲ್ಲಿ ಜೀಪ್ ಇದ್ದರೆ ಅಲ್ಲೇ ನಿಲ್ಲಿಸಿ. ಅಲ್ಲಿ ‘ಮುಂದಿನ ಬಂಕಿನಲ್ಲಿ ನಿಲ್ಲಿಸುತ್ತೇನೆ’ ಅಂತ ಹೊರಟರೆ ಈ ಅಂಕಣ ನಿಮ್ಮನ್ನು ಕಾಪಾಡುವುದಿಲ್ಲ.

ಕೂಗಾಡಿದವರು ಯಾವ ಠಾಣೆಯವರು ಎಂದು ಬರೆದಿದ್ದೀರಿ. ಅದನ್ನು ಇಲ್ಲಿ ಹಾಕಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಕೂಗುತ್ತಿದ್ದೆ ಅಂತ ಕಾಣುತ್ತದೆ. ಆ ಡಾಬಾದ ಎದುರು ಮೊದಲ ಐದು ನಿಮಿಷ ನನ್ನ ಬಾಯಿಂದ ಬಂದ ಮಾತುಗಳು ಪತ್ರಿಕೆಯಲ್ಲಿ ಅಚ್ಚು ಹಾಕುವಂಥವಲ್ಲ. ಆದರೂ ಮಗು ಮಲಗಿದ್ದ ಕಾರಿನ ಮುಂದೆ ಕೂಗಬಾರದಿತ್ತು.

ಇನ್ನು ದಂಡ. ಆ ರಸ್ತೆಯಲ್ಲಿ ಕಾರಿಗೆ 100ರ ಮಿತಿ. ಕ್ಯಾಮೆರಾಕ್ಕೆ ನಿಮ್ಮ ಭಯ ಕಾಣುವುದಿಲ್ಲ. ಆ ರಾತ್ರಿ 112ಕ್ಕೆ ಮಾಡಿದ ಕರೆ ಇದ್ದಿದ್ದರೆ ಅದನ್ನು ತೋರಿಸಿ ಕೇಳಿ ನೋಡಿ ಅನ್ನುತ್ತಿದ್ದೆ. ಈಗ ಸುಮ್ನೆ ಕಟ್ಟಿಬಿಡಿ.

ಪ್ರಶ್ನೆ: ಸಂಜೆ ಬೈಕಿನಲ್ಲಿ ಬರುವಾಗ ಜೀನ್ಸ್ ಹಾಕಿದ್ದ ಒಬ್ಬ ಅಡ್ಡ ಬಂದು, ಗಾಡಿಯ ಕೀ ಕಿತ್ತುಕೊಂಡು, ‘ಪೊಲೀಸ್, 1,000 ಫೋನ್‌ಪೇ ಮಾಡು’ ಎಂದ. ಹೆಲ್ಮೆಟ್ ಇರಲಿಲ್ಲ, ನಂದೂ ತಪ್ಪು. 500 ಹಾಕಿ ಬಂದೆ. ಅವನು ಪೊಲೀಸಾ, ಅಲ್ವಾ?
— ದಾವಣಗೆರೆಯ ವಿದ್ಯಾರ್ಥಿ

ಉತ್ತರ: ತಮ್ಮಾ, ಪೊಲೀಸನಾಗಿದ್ದರೂ ಆ ಹೊತ್ತಿನಲ್ಲಿ ಅವನು ಮಾಡಿದ್ದು ಪೊಲೀಸ್ ಕೆಲಸ ಅಲ್ಲ. ದಂಡ ಹಾಕಿದರೆ ರಸೀದಿಯೋ ನೋಟಿಸೋ ಬರಬೇಕು. ಯಾರದೋ ಸ್ವಂತ ಮೊಬೈಲ್ ನಂಬರಿಗೆ ಹೋಗುವ ದುಡ್ಡು ದಂಡ ಅಲ್ಲ. ಯಾರ ಹೆಸರಿಗೆ ಹೋಗಿದೆ ಎಂದು ನಿನ್ನ ಫೋನಿನಲ್ಲೇ ಇದೆ. ಅದರ ಸ್ಕ್ರೀನ್‌ಶಾಟ್ ತೆಗೆದುಕೊಂಡು ಹತ್ತಿರದ ಠಾಣೆಗೆ ಹೋಗಿ ಒಂದು ದೂರು ಕೊಡು. ಹೆಲ್ಮೆಟ್ ಇರಲಿಲ್ಲ ಎಂದು ಹೆದರಬೇಡ. ಪೊಲೀಸ್ ಎಂದು ಸುಳ್ಳು ಹೇಳಿ ವಸೂಲಿ ಮಾಡಿದ್ದರೆ ಭಾರತೀಯ ನ್ಯಾಯ ಸಂಹಿತೆಯ 204ನೇ ಸೆಕ್ಷನ್ ಪ್ರಕಾರ ಅವನಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಜೈಲು. ಅವನ ತಪ್ಪಿನ ಮುಂದೆ ನಿನ್ನದು ಏನೂ ಅಲ್ಲ.

ಕೀ ವಿಷಯ. ಕೀ ಕಿತ್ತುಕೊಳ್ಳಿ ಎಂದು ಮೋಟಾರು ವಾಹನ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ರಿಜಿಸ್ಟ್ರೇಷನ್ ಇಲ್ಲದ ಗಾಡಿಯನ್ನು ಹಿಡಿದಿಟ್ಟುಕೊಳ್ಳಲು 207ನೇ ಸೆಕ್ಷನ್ ಇದೆ, ಅದು ಬೇರೆ. ಇದನ್ನು ಬರೆಯುವಾಗ ಸ್ವಲ್ಪ ನಾಚಿಕೆ ಆಗುತ್ತಿದೆ. ಕಾನ್‌ಸ್ಟೆಬಲ್ ಆಗಿದ್ದಾಗ ನಾನೂ ಕೀ ಕಿತ್ತಿದ್ದೇನೆ. ಒಂದು ಸಲ ಮಧ್ಯಾಹ್ನ ಊಟಕ್ಕೆ ಹೋಗಿ ಜೇಬಿಗೆ ಕೈ ಹಾಕಿದರೆ ಯಾವುದೋ ಲ್ಯೂನಾದ ಕೀ ಸಿಕ್ಕಿತು. ವಾಪಸ್ ಓಡಿದೆ. ಆ ಯಜಮಾನರು ಬಿಸಿಲಲ್ಲಿ ಗಾಡಿ ಹಿಡಿದುಕೊಂಡು ಒಂದೂವರೆ ಗಂಟೆ ಅಲ್ಲೇ ನಿಂತಿದ್ದರು. ಒಂದು ಮಾತೂ ಆಡಲಿಲ್ಲ, ಕೀ ತೆಗೆದುಕೊಂಡು ಹೋದರು.

ಪ್ರಶ್ನೆ: ಮಗ ಅಮೆರಿಕದ ಆಸ್ಟಿನ್‌ನಲ್ಲಿ, ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಇಬ್ಬರೂ ಹೊಸದಾಗಿ ಕಾರು ತಗೊಂಡಿದ್ದಾರೆ. ಅಲ್ಲಿಯೂ ಹೀಗೆ ಗುರುತಿಲ್ಲದ ಪೊಲೀಸ್ ಕಾರು ಇರುತ್ತವಾ? ಏನು ಹೇಳಲಿ ಮಕ್ಕಳಿಗೆ?
— ಹಾಸನದ ತಾಯಿ

ಉತ್ತರ: ಇರುತ್ತವೆ, ನಮಗಿಂತ ಜಾಸ್ತಿ. ನೋಡಲು ಮಾಮೂಲಿ ಕಾರು, ಲೈಟ್ ಗ್ರಿಲ್ಲಿನ ಒಳಗೆ ಅಡಗಿರುತ್ತದೆ.

ಮಗಳಿಗೆ ಹೀಗೆ ಹೇಳಿ. ಬ್ರಿಟನ್ನಿನ ರಸ್ತೆ ಸಂಚಾರ ಕಾಯ್ದೆಯೂ 1988ರದೇ, ನಮ್ಮದರ ಓರಗೆ. ಅದರ 163ನೇ ಸೆಕ್ಷನ್ ಪ್ರಕಾರ ಗಾಡಿ ನಿಲ್ಲಿಸಲು ಹೇಳುವ ಪೊಲೀಸ್ ಸಮವಸ್ತ್ರದಲ್ಲಿರಬೇಕು. ಕಾರಿಗೆ ಗುರುತು ಇಲ್ಲದಿದ್ದರೂ ಒಳಗಿರುವವರಿಗೆ ಯೂನಿಫಾರ್ಮ್ ಇರಬೇಕು. ಅನುಮಾನ ಬಂದರೆ ನಾಲ್ಕೂ ಇಂಡಿಕೇಟರ್ ಹಾಕಿ, ನಿಧಾನವಾಗಿ ಬೆಳಕಿರುವ ಕಡೆ ಹೋಗಿ, 999ಕ್ಕೆ ಕರೆ ಮಾಡಲಿ. ಐಡಿ ಕಾರ್ಡೊಂದನ್ನೇ ನಂಬಿದರೆ ಏನಾಗಬಹುದು ಎಂದು ಆ ದೇಶ 2021ರಲ್ಲಿ ನೋಡಿತು. ಲಂಡನ್ನಿನಲ್ಲಿ ಕೆಲಸದಲ್ಲಿದ್ದ ಪೊಲೀಸನೇ ತನ್ನ ಕಾರ್ಡು ತೋರಿಸಿ, ನಡೆದು ಹೋಗುತ್ತಿದ್ದ ಯುವತಿಯನ್ನು ಕಾರಿಗೆ ಹತ್ತಿಸಿಕೊಂಡು ಹೋಗಿ ಕೊಂದ. ಅದಾದ ಮೇಲೆ ಅಲ್ಲಿನ ಮೆಟ್ರೊಪಾಲಿಟನ್ ಪೊಲೀಸರು ಒಂದು ವ್ಯವಸ್ಥೆ ತಂದರು. ಮಫ್ತಿಯಲ್ಲಿರುವ ಒಂಟಿ ಪೊಲೀಸ್ ಒಬ್ಬ ಹೆಂಗಸನ್ನು ಮಾತಾಡಿಸಬೇಕಾದರೆ ಕಂಟ್ರೋಲ್ ರೂಮಿಗೆ ವಿಡಿಯೊ ಕರೆ ಮಾಡಿ ತಾನು ಯಾರೆಂದು ಅವರಿಂದಲೇ ಹೇಳಿಸಬೇಕು.

ಮಗನಿಗೆ ಒಂದೇ ಮಾತು, ಕಾರಿನಿಂದ ಇಳಿಯಬೇಡ. ನಮ್ಮ ಹುಡುಗರು ಎಡವುವುದು ಇಲ್ಲೇ. ಇಲ್ಲಿ ಪೊಲೀಸ್ ನಿಲ್ಲಿಸಿದರೆ ನಾವು ಇಳಿದು, ಫೈಲು ಹಿಡಿದುಕೊಂಡು, ‘ಸರ್, ಸರ್’ ಅನ್ನುತ್ತಾ ಜೀಪಿನ ಹತ್ತಿರ ಹೋಗುತ್ತೇವೆ. ಅದು ಮರ್ಯಾದೆ. ಅಲ್ಲಿ ಹಾಗೆ ಇಳಿದು ಬಂದವನನ್ನು ಕಂಡರೆ ಪೊಲೀಸ್ ತನ್ನ ಗನ್ ಮೇಲೆ ಕೈ ಇಡಬಹುದು. ಬಲಕ್ಕೆ ನಿಲ್ಲಿಸಿ, ಒಳಗಿನ ಲೈಟ್ ಹಾಕಿ, ಎರಡೂ ಕೈ ಸ್ಟಿಯರಿಂಗ್ ಮೇಲೆ ಇಟ್ಟು ಕೂತಿರಲಿ. ಕಾಗದ ತೆಗೆಯಲು ಡ್ಯಾಶ್‌ಬೋರ್ಡಿಗೆ ಕೈ ಹಾಕುವ ಮೊದಲು ಹೇಳಿ ಹಾಕಲಿ. ಪೊಲೀಸ್ ಹೌದೋ ಅಲ್ಲವೋ ಎಂದು ಅನುಮಾನ ಇದ್ದರೆ ನಿಲ್ಲಿಸುವ ಮೊದಲೇ 911ಕ್ಕೆ ಕರೆ ಮಾಡಿ ಕೇಳಲಿ.

ಪ್ರಶ್ನೆ: ಅಡಿಕೆ ವ್ಯಾಪಾರಿ ನಾನು. ಕೆಲವೊಮ್ಮೆ ಕಾರಿನಲ್ಲಿ ನಗದು ಇರುತ್ತದೆ. ಚುನಾವಣೆ ಚೆಕಿಂಗ್ ಅಂತ ಯಾರಾದರೂ ತಡೆದರೆ ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು?
— ಚನ್ನಗಿರಿ ಕಡೆಯ ಓದುಗರು

ಉತ್ತರ: ಚುನಾವಣೆಯ ತಂಡ ಅಂದರೆ ಅದರಲ್ಲಿ ವಿಡಿಯೊ ತೆಗೆಯುವವರು ಇರುತ್ತಾರೆ, ಖಾಕಿಯವರೂ ಇರುತ್ತಾರೆ. ವಿಡಿಯೊ ಇಲ್ಲದ ಚೆಕಿಂಗ್ ಅಂದರೆ ಅನುಮಾನ ಪಡಿ. ನೀತಿ ಸಂಹಿತೆ ಇದ್ದಾಗ 50,000 ರೂಪಾಯಿಗಿಂತ ಜಾಸ್ತಿ ಇದ್ದರೆ ದಾಖಲೆ ಕೇಳುತ್ತಾರೆ. ಮಂಡಿಯ ಬಿಲ್ಲು, ಬ್ಯಾಂಕಿನ ಸ್ಲಿಪ್ಪು ಜೊತೆಗಿರಲಿ. ಅಸಲಿ ತಂಡ ನಿಮ್ಮೆದುರೇ ದುಡ್ಡು ಎಣಿಸುತ್ತದೆ, ಬರೆಯುತ್ತದೆ, ರಸೀದಿ ಕೊಡುತ್ತದೆ. ‘ಬ್ಯಾಗ್ ನಮ್ಮ ಕಾರಿಗೆ ಹಾಕಿ, ಆಫೀಸಿನಲ್ಲಿ ಎಣಿಸೋಣ’ ಅಂದರೆ ಅದು ದರೋಡೆ. ಬಸ್ ಸ್ಟ್ಯಾಂಡಿನಲ್ಲಿ ‘ಮುಂದೆ ಗಲಾಟೆ ಆಗಿದೆ, ಸರ ಬಿಚ್ಚಿ ಪೇಪರಿನಲ್ಲಿ ಕಟ್ಟಿಕೊಡ್ತೀನಿ ಅಜ್ಜಿ’ ಅನ್ನುವವರ ದೊಡ್ಡಣ್ಣಂದಿರು ಇವರು. ಅಜ್ಜಿ ಮನೆಗೆ ಹೋಗಿ ಪೇಪರ್ ಬಿಚ್ಚಿದರೆ ಜಲ್ಲಿಕಲ್ಲು.

ಪ್ರಶ್ನೆ: ನಮ್ಮ ಭಾವ ಹೆಡ್ ಕಾನ್‌ಸ್ಟೆಬಲ್. ನನ್ನ ಕಾರಿನ ಗಾಜಿಗೆ ‘ಪೊಲೀಸ್’ ಎಂದು ಸ್ಟಿಕ್ಕರ್ ಅಂಟಿಸಿಕೊಂಡಿದ್ದೇನೆ. ಟೋಲಿನಲ್ಲಿ, ಪಾರ್ಕಿಂಗಿನಲ್ಲಿ ಅನುಕೂಲ ಆಗುತ್ತೆ. ತಪ್ಪಾ?
— ತುಮಕೂರಿನ ಓದುಗರು

ಉತ್ತರ: ತಪ್ಪು. 2017ರ ಮೇ 1ರಿಂದ ಮಂತ್ರಿಗಳೇ ತಮ್ಮ ಕಾರಿನ ಕೆಂಪು ದೀಪ ಇಳಿಸಿದ್ದಾರೆ, ನಿಮ್ಮದೇನು ಸ್ವಾಮಿ? ಮೊದಲ ಪತ್ರದ ಆ ಹೆಣ್ಣುಮಗಳು ಹಿಂದಿನ ಕಾರನ್ನು ನಂಬಲಾಗದೆ ಒದ್ದಾಡಿದ್ದು ನಿಮ್ಮಂಥವರ ಗಾಜಿನಿಂದಲೇ. ಸ್ಟಿಕ್ಕರಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಹತ್ತು ನಿಮಿಷ ಬಿಡಿ. ಉಗುರಿನಲ್ಲಿ ಒಂದು ಮೂಲೆ ಎಬ್ಬಿಸಿದರೆ ಪೂರ್ತಿ ಬರುತ್ತದೆ.